ನಾಲ್ಕು ಸೂತು ಆಳ

ಶಹಾಬಾದದ ರೇಲ್ವೆ ಗೇಟಿನ ಬಾಜೂಕ ನನ್ನ ತಗಡಿನ ಶೆಡ್ಡು.
ಪರಸಿ ಕಲ್ಲಿನ ಮ್ಯಾಲ ಹೆಸರು ಕೆತ್ತಾಂವ ನಾ,
ಲಾಲಪ್ಪ ಅಂತಾರ.
ಗೋರಿಗೂ ಕೆತ್ತೀನಿ, ಗುಡಿಗೂ ಕೆತ್ತೀನಿ,
ಶಂಕುಸ್ಥಾಪನಿ ಕಲ್ಲಂತೂ ಲೆಕ್ಕ ಇಟ್ಟಿಲ್ಲ.

ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ.
ಇಲೆಕ್ಷನ್ ಆದ ಮ್ಯಾಲ ಹಳೇ ಕಲ್ಲು ನನ್ನ ಹತ್ರಾನೇ ಹೊಳ್ಳಿ ಬರ್ತಾವ.
ಬೋರಲ ಹಾಕು, ಬೆನ್ನ ಮ್ಯಾಲ ಹೊಸಾ ಹೆಸರು ಕೆತ್ತು ಅಂತಾರ.
ಎರಡೂ ಮಗ್ಗಲು ತುಂಬಿದ್ರ ಮಶೀನು ಹಚ್ಚಿ ತಿಕ್ಕು ಅಂತಾರ.
ತಿಕ್ಕೀನಿ.
ಮಾನ್ಯ ಶಾಸಕರು, ಸನ್ಮಾನ್ಯ ಸಚಿವರು, ಘನ ಅಧ್ಯಕ್ಷತೆ
ಎಲ್ಲಾ ಬೂದಿಬಣ್ಣದ ಹಿಟ್ಟಾಗಿ ನನ್ನ ಹುಬ್ಬಿನ್ಯಾಗ ಕುಂತಾವ.
ರಾತ್ರಿ ಜಳಕಾ ಮಾಡಿದ್ರ ಮೋರಿಗೆ ಹೋಗ್ತಾವ.

ಮೊನ್ನೆ ಕಂತ್ರಾಟದಾರ ಮಡೆಪ್ಪ ಒಂದು ಕಾಗದ ತಂದ.
ಹೆಣ್ಣುಮಕ್ಕಳ ಸಾಲಿಗೆ ಸಂವಿಧಾನದ ಪೀಠಿಕೆ.
ಆರು ಫೂಟು ಕಲ್ಲು, ಅಕ್ಷರಕ್ಕ ಒಂಬತ್ತು ರೂಪಾಯಿ.
ದನಿ ಸಣ್ಣ ಮಾಡಿ ಅಂದ:
"ಭಾಳ ಆಳ ತಗೀಬ್ಯಾಡ. ಅರ್ಧ ಸೂತು ಸಾಕು.
ಸಾಹೇಬರು ಸಭಾದಾಗ ಅಂದದ್ದು ಕೇಳಿದ್ದಿ ಅಲ್ಲ,
ಇನ್ನೊಂದಿಷ್ಟು ಸೀಟು ಬರಲಿ, ಪೂರಾ ಬದಲಿ ಮಾಡ್ತೀವಿ ಅಂತ?
ನಾಳೆ ಹಂಗೇನರ ಆದ್ರ ತಿಕ್ಕಾಕ ಸಸಾರ."

ಕೇಳಿದ್ದೆ.
ವಾಡಿ ಮೈದಾನದಾಗ ಹಿಂದಿನ ಸಾಲಿನ್ಯಾಗ ನಿಂತು ಕೇಳಿದ್ದೆ.
ಚಪ್ಪಾಳಿ ಬಿದ್ದಾಗ ನನ್ನ ಕೈ ಕಿಸೇದಾಗ ಇದ್ದವು.
ಅವತ್ತು ಅಷ್ಟೇ ಮಾಡಿದೆ. ಅದು ಸಾಲದು ಅಂತ
ಹೊಳ್ಳಿ ಬರೂ ಮುಂದ ರೈಲಿನ್ಯಾಗ ತಿಳೀತು.

ಬದಲಿ ಅಂದ್ರ ನನಗೇನು ಅಂಜಿಕಿಲ್ಲ.
ನಮ್ಮ ಭಾಗಕ್ಕಂತನೇ ಮುನ್ನೂರಾ ಎಪ್ಪತ್ತೊಂದು ಜೆ ಬಂತಲ್ಲ,
ಅದೂ ತಿದ್ದುಪಡಿನೇ.
ಅದರ ಸರ್ಟಿಫಿಕೇಟ್ ಹಿಡಕೊಂಡೇ ನನ್ನ ಮಗಳು ಭಾಗ್ಯವಂತಿ
ಬೀದರಿಗೆ ದನದ ಡಾಕ್ಟರಕಿ ಓದಾಕ ಹೋದಾಕಿ.
ಮನಿಗೆ ಒಂದು ಖೋಲಿ ಹೆಚ್ಚು ಕಟ್ಟೋದು ಬ್ಯಾರೆ,
ಬಾಗಿಲಿಗೆ ಹೊಸಾ ಕೀಲಿ ಹಾಕಿ
ಒಳಗಿದ್ದಾಕಿಗೆ ನೀ ಯಾರು ಅಂತ ಕೇಳೋದು ಬ್ಯಾರೆ.

ನಮ್ಮ ಮುತ್ಯಾ ನಿಜಾಮನ ಕಾಲದಾಗ ಇದೇ ಖಣಿಯಾಗ
ಬಿಟ್ಟಿ ಕಲ್ಲು ಹೊತ್ತಾಂವ.
ಕೂಲಿ ಕೇಳಿದ್ದಕ್ಕ ಅವನ ಬೆನ್ನ ಮ್ಯಾಲ ಕೆತ್ತಿದ್ರು,
ಬಾರುಕೋಲಿಲೆ.
ಅದನ್ನ ತಿಕ್ಕೋ ಮಶೀನು ಇನ್ನೂ ಬಂದಿಲ್ಲ.
ಸತ್ತಾಗ ಮೈ ತೊಳದಾಂವ ನಾನೇ,
ಆ ಗೆರಿ ನನ್ನ ಬೆರಳಿಗೆ ಹತ್ತಿದಾವ.

ಕಾಗದದಾಗ *ನಾವು* ಅನ್ನೋದು ದಪ್ಪ ಅಕ್ಷರದಾಗ ಅದ.
ದಪ್ಪಂದು ಮೊದಲು ಕೆತ್ತೋದು ನನ್ನ ರೂಢಿ.
*ನಾ* ಮುಗಿಸಿ ಚಾ ಕುಡ್ಯಾಕ ಹೋದೆ.
ಹೊಳ್ಳಿ ಬಂದು ನೋಡಿದ್ರ
ಆರು ಫೂಟು ಕಲ್ಲಿನ ಮ್ಯಾಲ
ನಾ ಒಬ್ಬನೇ ನಿಂತೀನಿ.
ಸಂತ್ಯಾಗ ಕೈ ಬಿಟ್ಟ ಕೂಸಿನಂಗ ಆತು.
ಲಗೂನ ಕುಂತು *ವು* ಕೆತ್ತಿದೆ.

ಪರಸಿ ಅಂದ್ರ ಪದರಿನ ಕಲ್ಲು.
ಅರ್ಧ ಸೂತು ಮ್ಯಾಲಿನ ಪದರಿನ ಮಾತು,
ಹಪ್ಪಳದಂಗ ಎದ್ದು ಬರ್ತದ.
ನಾಲ್ಕು ಸೂತಿಗೆ ಇಳಿದ್ರ
ಅಕ್ಷರ ತಗೀಬೇಕಂದ್ರ ಕಲ್ಲೇ ಇರಂಗಿಲ್ಲ.

ಸಂಜಿಕ ಮಡೆಪ್ಪ ಬಂದು ಕಿರುಬೆರಳು ಇಟ್ಟು ನೋಡಿದ.
ಉಗುರು ಪೂರಾ ಮುಳುಗಿತು.
"ಇದಕ್ಕ ಹೆಚ್ಚಿಗಿ ರೊಕ್ಕ ಇಲ್ಲ ನೋಡು."
ಆಳದ್ದು ಲೆಕ್ಕಕ್ಕ ಹಿಡೀಬ್ಯಾಡಣ್ಣ ಅಂದೆ.
"ಮತ್ತ ನಾಳೆ ತಿಕ್ಕೋದು ಬಂದ್ರ?"
ನಾ ಬರಂಗಿಲ್ಲ ಅನ್ನಾಂವ ಇದ್ದೆ,
ಬಾಯಿಗೆ *ನಾವು* ಅಂತ ಬಂತು.

ಅವ ಗಾಡಿ ಒದ್ದು ಹೋದ.
*ವು* ಅಕ್ಷರದ ಕೊಂಬಿನ್ಯಾಗ ಹಿಟ್ಟು ತುಂಬಿತ್ತು,
ಊದಿದೆ.
ಜೂನಿಗೆ ಸಾಲಿ ಸುರು. ಇನ್ನೂ ಭಾಳ ಅಕ್ಷರ ಅದಾವ.